ನಿಮಗಿದು ಗೊತ್ತೇ? ಎಚ್‌ಐವಿಗೂ ಒಂದು ವಂಶಾವಳಿ

ಎಚ್‌ಐವಿಯ ಇಡೀ ಜೀನೋಮ್ ಸುಮಾರು 9,700 ಅಕ್ಷರಗಳಷ್ಟು ಪುಟ್ಟದು, ಅದರಲ್ಲಿರುವ ಜೀನ್‌ಗಳು 9. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದಿಕೊಳ್ಳಲು ಬಾರದು. ಹಾಗಾಗಿ ಒಂದು ಮೈಯಿಂದ ಇನ್ನೊಂದಕ್ಕೆ ದಾಟುತ್ತಾ ಹೋದಂತೆ ವೈರಸ್‌ನಲ್ಲಿ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಹೆಳವರು ಊರಿಗೆ ಬಂದು ಮನೆತನದ ತಲೆಮಾರುಗಳನ್ನು ಒಪ್ಪಿಸುತ್ತಿದ್ದರಲ್ಲ, ವಿಜ್ಞಾನಿಗಳು ಈ ತಪ್ಪುಗಳನ್ನು ಹೋಲಿಸಿ ಯಾವ ವೈರಸ್ ಯಾವುದರ ದಾಯಾದಿ ಎಂದು ಹೇಳುವುದೂ ಹಾಗೆಯೇ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತ ಸಂಗ್ರಹಿಸಿದರು, ಅದರ ಪರೀಕ್ಷೆ ವೆಲ್ಲೂರಿನಲ್ಲಿ ನಡೆಯಿತು. ಅಲ್ಲಿಂದ ಹಿಡಿದು ಈ ರೋಗ ಆ ಹೆಂಗಸರದೇ ಎಂಬಂತಾಯಿತು. ವೈರಸ್‌ನ ವಂಶಾವಳಿ ಬೇರೆಯದನ್ನೇ ಹೇಳುತ್ತದೆ: ಭಾರತದ ಎಚ್‌ಐವಿಯ ಬೇರು ಆಫ್ರಿಕಾದ್ದು, ಅದು ನಮ್ಮಲ್ಲಿಗೆ ಬಂದದ್ದು 1960ರ ದಶಕದ ಕೊನೆ ಅಥವಾ 70ರ ದಶಕದ ಆಸುಪಾಸು. ಆ ಮಹಿಳೆಯರು ಮೊದಲು ಪರೀಕ್ಷೆಗೆ ಸಿಕ್ಕವರು, ಅಷ್ಟೇ.

ನಮ್ಮ ದೇಶದ ಸೋಂಕುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ‘ಸಿ’ ಉಪತಳಿಯವು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಈ ಉಪತಳಿಯನ್ನು ವರ್ಷಗಟ್ಟಲೆ ಬೆನ್ನಟ್ಟಿದೆ. ವೈರಸ್‌ನ ಜೀನ್‌ಗಳನ್ನು ಚಾಲೂ ಮಾಡುವ ಒಂದು ಬಗೆಯ ತಾಣ ಬೇರೆ ಉಪತಳಿಗಳಲ್ಲಿ ಸಾಮಾನ್ಯವಾಗಿ 2, ‘ಸಿ’ಯಲ್ಲಿ 3. ಇಂಥ 4 ತಾಣಗಳಿರುವ ತಳಿಗಳೂ ಹಬ್ಬುತ್ತಿವೆ ಎಂದು ಈ ತಂಡ 2012ರಲ್ಲಿ ವರದಿ ಮಾಡಿತು.

ಈ ವಂಶಾವಳಿ ಚಿಕಿತ್ಸೆಯ ಲೆಕ್ಕಕ್ಕೂ ಬೇಕಾಯಿತು. ದಂಪತಿಗಳಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದಾಗ, ಸೋಂಕಿತರಿಗೆ ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ಬೇಗನೆ ಕೊಟ್ಟರೆ ಜೊತೆಗಾರರು ಉಳಿಯುತ್ತಾರೆಯೇ? ಇದನ್ನು ತಿಳಿಯಲು 1,763 ಜೋಡಿಗಳ ಮೇಲೆ ಹಲವು ದೇಶಗಳಲ್ಲಿ ಅಧ್ಯಯನ ನಡೆಯಿತು. ಚೆನ್ನೈ ಮತ್ತು ಪುಣೆ ಕೂಡ ಅದರಲ್ಲಿದ್ದವು. 2011ರಲ್ಲಿ ಬಂದ ಮೊದಲ ಫಲಿತಾಂಶದಲ್ಲಿ 39 ಜನರಿಗೆ ಹೊಸದಾಗಿ ಸೋಂಕು ತಗುಲಿತ್ತು. ಇಬ್ಬರ ವೈರಸ್‌ಗಳನ್ನೂ ಹೋಲಿಸಿ ನೋಡಿದಾಗ ಮನೆಯ ಜೊತೆಗಾರರಿಂದಲೇ ಬಂದದ್ದೆಂದು ಖಚಿತವಾಗಿ ಹೊಂದಿದವು 28. ಆ 28ರಲ್ಲಿ ಬೇಗನೆ ಔಷಧಿ ಶುರುಮಾಡಿದ ಗುಂಪಿನದು ಬರೀ 1! ಜೀನ್ ಹೋಲಿಕೆ ಇಲ್ಲದಿದ್ದರೆ 39 ಸೋಂಕುಗಳನ್ನೂ ಗಂಡನ ಅಥವಾ ಹೆಂಡತಿಯ ತಲೆಗೇ ಕಟ್ಟುತ್ತಿದ್ದರು, ಔಷಧಿಯ ನಿಜವಾದ ಬಲವೂ ಮಸುಕಾಗುತ್ತಿತ್ತು. ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ ಎಂದು ಇಂದು ವೈದ್ಯರು ಧೈರ್ಯವಾಗಿ ಹೇಳುತ್ತಿದ್ದರೆ, ಅದರ ಹಿಂದೆ ಇಂಥ ಹೋಲಿಕೆಗಳಿವೆ.

ಚಾಮರಾಜನಗರ ಜಿಲ್ಲೆಯ ಉಡಿಗಾಲದ ಕಡೆಯವರಿಗೆ ಗುಂಡ್ಲುಪೇಟೆ ದಾಟಿ ಬಂಡೀಪುರದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಲಾರಿಗಳು ಹೊಸತಲ್ಲ. ‘ಈ ಕಾಯಿಲೆ ಲಾರಿಯವರು ತಂದದ್ದು ಕಣಪ್ಪ’ ಎಂಬ ಮಾತೂ ಹೊಸತಲ್ಲ. ಉಗಾಂಡಾದಲ್ಲಿ ವಿಕ್ಟೋರಿಯಾ ಸರೋವರದ ದಡದ ಮೀನುಗಾರರ ಬಗ್ಗೆಯೂ ಹೀಗೇ ಹೇಳುತ್ತಿದ್ದರು. ಅಲ್ಲಿ ನೂರಕ್ಕೆ ಸುಮಾರು 40 ವಯಸ್ಕರಿಗೆ ಸೋಂಕಿತ್ತು, ಒಳನಾಡಿಗೆ ಹರಡುತ್ತಿರುವವರು ಅವರೇ ಎಂದು ಹಲವರು ನಂಬಿದ್ದರು. ಅಲ್ಲಿನ ರಕಾಯಿ ಪ್ರದೇಶದ ವೈರಸ್‌ಗಳ ಜೀನ್‌ಗಳನ್ನು ಓದಿ 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇದನ್ನು ತಿರುಗಿಸಿಹಾಕಿತು: ಒಳನಾಡಿನಿಂದ ದಡಕ್ಕೆ ದಾಟುತ್ತಿದ್ದ ಸೋಂಕೇ ಹೆಚ್ಚು. ನಮ್ಮ ಹೆದ್ದಾರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಸೋಂಕು ಹೆಚ್ಚಿರುವ ಕಡೆಯಿಂದಲೇ ಅದು ಹರಡುತ್ತದೆ ಎನ್ನುವ ಹಳೇ ಲೆಕ್ಕ ಬಿದ್ದುಹೋಯಿತು.

ಹೀಗೆ ತಪ್ಪು ಹೊರಿಸಿದ ಇನ್ನೊಂದು ಪ್ರಸಂಗವಿದೆ. ಲಿಬಿಯಾದ ಬೆಂಗಾಜಿ ಆಸ್ಪತ್ರೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿಗೆ ಬೇಕೆಂದೇ ಎಚ್‌ಐವಿ ಚುಚ್ಚಿದರೆಂದು ಬಲ್ಗೇರಿಯಾದ 5 ನರ್ಸ್‌ಗಳಿಗೂ ಪ್ಯಾಲೆಸ್ಟೀನಿನ ಒಬ್ಬ ವೈದ್ಯರಿಗೂ ಮರಣದಂಡನೆ ವಿಧಿಸಲಾಗಿತ್ತು. ಅವರು ಕೆಲಸಕ್ಕೆ ಸೇರಿದ್ದು 1998ರ ಮಾರ್ಚ್‌ನಲ್ಲಿ. ಆ ವೈರಸ್ ಅದಕ್ಕೂ ಮೊದಲೇ ಅಲ್ಲಿತ್ತು ಎಂದು 2006ರಲ್ಲಿ ಅದರ ಜೀನ್‌ಗಳೇ ತೋರಿಸಿದವು. ಮರುವರ್ಷ ಎಲ್ಲರೂ ಬಿಡುಗಡೆಯಾದರು.

ಹಾಗಿದ್ದರೆ ‘ಇವನಿಂದ ಇವಳಿಗೆ ಬಂತು’ ಎಂದು ಸಾಬೀತು ಮಾಡಬಹುದೇ? ವಂಶಾವಳಿಯಿಂದಷ್ಟೇ ಆಗದು. ಇಬ್ಬರಿಗೂ ಮೂರನೆಯವರೊಬ್ಬರಿಂದ ಬಂದಿರಬಹುದು, ನಡುವೆ ಪರೀಕ್ಷೆಗೇ ಬಾರದ ಇನ್ನೊಬ್ಬರಿರಬಹುದು. ಅಲ್ಲ ಎನ್ನುವುದನ್ನು ಇದು ಗಟ್ಟಿಯಾಗಿ ಹೇಳಬಲ್ಲದು. ಹೌದು ಎನ್ನುವಾಗ ತಡವರಿಸುತ್ತದೆ. ಆ ತಡವರಿಕೆ ಇರುವುದೇ ಒಳ್ಳೆಯದೆಂದು ನನಗನಿಸುತ್ತದೆ.

ಸೋಂಕು ತಡೆಯಲು ವಂಶಾವಳಿಯೇ ಬೇಕೆಂದೇನಿಲ್ಲ. ಮೈಸೂರಿನ ‘ಆಶೋದಯ ಸಮಿತಿ’ ಲೈಂಗಿಕ ವೃತ್ತಿಯವರೇ ನಡೆಸುವ ಸಂಘಟನೆ. ಕಾಂಡೋಮ್, ತಪಾಸಣೆ, ಪೊಲೀಸರ ಜೊತೆಗಿನ ಮಾತುಕತೆ ಎಲ್ಲವನ್ನೂ ಅವರೇ ಕೈಗೆತ್ತಿಕೊಂಡರು. 2004ರಲ್ಲಿ ಅಲ್ಲಿನ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನೂರಕ್ಕೆ 25 ಇದ್ದ ಸಿಫಿಲಿಸ್ ಎಂಬ ಲೈಂಗಿಕ ರೋಗ ಎರಡೂವರೆ ವರ್ಷದಲ್ಲಿ 12ಕ್ಕೆ ಇಳಿಯಿತು. ಇದಕ್ಕೆ ಯಾವ ಜೀನ್ ಯಂತ್ರವೂ ಬೇಕಾಗಲಿಲ್ಲ.

2017ರ ಎಚ್‌ಐವಿ/ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ, ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ವಿಷಯವನ್ನು ಬೇರೆಯವರಿಗೆ ಹೇಳುವಂತಿಲ್ಲ, ಸೋಂಕಿದೆ ಎಂದು ಕೆಲಸದಿಂದ ತೆಗೆಯುವಂತಿಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಎಆರ್‌ಟಿ ಮಾತ್ರೆ 2004ರಿಂದಲೂ ಉಚಿತ. ಸಹಾಯವಾಣಿ 1097.