ಕಾಡತೂಸಿನ ಕೊರತೆ: ಕಾರಣಗಳೇನು?

ಬೆಳೆಗೆ ಮತ್ತು ಹುಲ್ಲುಗಾವಲಿಗೆ ಹಾನಿ ಮಾಡುವ ನೆಲದಳಿಲು ಮೊದಲಾದ ಪ್ರಾಣಿಗಳನ್ನು ಕೋವಿಯಿಂದ ಹತೋಟಿ ಮಾಡುವುದು ಅಮೆರಿಕ ಸಂಯುಕ್ತ ಸಂಸ್ಥಾನದ ರೈತರಲ್ಲಿ ಸಾಮಾನ್ಯ ರೂಢಿ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ಪಾಯಿಂಟ್ 22 ಅಳತೆಯ ಸಣ್ಣ, ಅಗ್ಗದ ಕಾಡತೂಸು. 2013ರಲ್ಲಿ ಇದು ಅಂಗಡಿಗಳಿಂದ ಮಾಯವಾಯಿತು. 2020-21ರಲ್ಲಿ ಬಹುತೇಕ ಎಲ್ಲ ಅಳತೆಯ ಕಾಡತೂಸುಗಳಿಗೂ ಇದೇ ಗತಿಯಾಯಿತು. ಕೆಲವುಗಳ ಬೆಲೆ ಎರಡು-ಮೂರು ಪಟ್ಟು ಏರಿತು. ಕಾರ್ಖಾನೆಗಳು ಹಗಲಿರುಳು ನಡೆಯುತ್ತಿದ್ದರೂ ಹೀಗಾದುದು ಏಕೆ ಎಂಬುದು ವಿಚಾರ ಮಾಡತಕ್ಕ ವಿಷಯ.

1. ಹಠಾತ್ ಬೇಡಿಕೆ
2012ರ ಡಿಸೆಂಬರಿನಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲೆಯೊಂದರಲ್ಲಿ ಗುಂಡೇಟಿನಿಂದ ಮಕ್ಕಳು ಸತ್ತ ದುರಂತದ ನಂತರ ಹೊಸ ನಿರ್ಬಂಧಗಳು ಬರುವುವೆಂಬ ಭಯದಿಂದ ಜನ ಮುಗಿಬಿದ್ದು ಕೊಂಡರು. 2020ರಲ್ಲಿ ಕೋವಿಡ್, ಗಲಭೆ ಮತ್ತು ಚುನಾವಣೆ ಒಂದೇ ವರ್ಷ ಕೂಡಿ ಬಂದವು. ಕೋವಿ ಕೊಳ್ಳುವವರ ಹಿನ್ನೆಲೆ ತಪಾಸಣೆಗಳ ಸಂಖ್ಯೆ 2019ರಲ್ಲಿ ಸುಮಾರು 2 ಕೋಟಿ 84 ಲಕ್ಷವಿದ್ದುದು 2020ರಲ್ಲಿ 3 ಕೋಟಿ 97 ಲಕ್ಷಕ್ಕೇರಿತು. ಪ್ರತಿ ತಪಾಸಣೆಯೂ ಒಂದು ಮಾರಾಟವಲ್ಲವಾದರೂ ಬೇಡಿಕೆಯ ದಿಕ್ಕು ಇದರಿಂದ ತಿಳಿಯುತ್ತದೆ.

2. ಕೂಡಿಡುವಿಕೆ
ಉದಾಹರಣೆಗೆ, ಒಂದು ಊರಿನಲ್ಲಿ 100 ಜನರು ತಿಂಗಳಿಗೆ ತಲಾ ಒಂದು ಪೆಟ್ಟಿಗೆ ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಕಾರ್ಖಾನೆಯಿಂದ ತಿಂಗಳಿಗೆ 100 ಪೆಟ್ಟಿಗೆ ಬರುತ್ತದೆ, ಅಂಗಡಿಯಲ್ಲಿ 100 ದಾಸ್ತಾನಿದೆ. "ಮುಂದೆ ಸಿಗಲಾರದು" ಎಂದು ಪ್ರತಿಯೊಬ್ಬರೂ ಒಂದೇ ಒಂದು ಪೆಟ್ಟಿಗೆ ಹೆಚ್ಚು ಒಯ್ದರೆ ಒಂದೇ ತಿಂಗಳಲ್ಲಿ ದಾಸ್ತಾನು ಬರಿದಾಗುತ್ತದೆ. ಬರಿದಾದ ಅಂಗಡಿಯನ್ನು ಕಂಡವನು ಮುಂದಿನ ಸಲ ಸಿಕ್ಕಷ್ಟನ್ನೂ ಬಾಚುತ್ತಾನೆ. ಬಳಕೆ ಹೆಚ್ಚದಿದ್ದರೂ ಕೊರತೆ ಹುಟ್ಟುವುದು ಹೀಗೆ.

3. ಉತ್ಪಾದನೆಯ ಮಿತಿ
ಕಾಡತೂಸಿಗೆ ಹಿತ್ತಾಳೆಯ ಕೊಳವೆ, ಸೀಸದ ಗುಂಡು, ಮದ್ದು ಮತ್ತು ಕೇಪು ಬೇಕು. ಇವುಗಳಲ್ಲಿ ಒಂದು ಕಡಿಮೆ ಬಿದ್ದರೂ ಉಳಿದವು ಕೆಲಸಕ್ಕೆ ಬಾರವು. ಕೇಪು ಸಿಡಿಯುವ ವಸ್ತುವಾದುದರಿಂದ ಅದನ್ನು ತಯಾರಿಸುವವರು ಕೆಲವೇ ಮಂದಿ. ಪಾಯಿಂಟ್ 22ರಲ್ಲಿ ಪ್ರತ್ಯೇಕ ಕೇಪು ಇಲ್ಲ. ಸಿಡಿಮಿಶ್ರಣವನ್ನು ಕೊಳವೆಯ ಅಂಚಿನೊಳಗೇ ತುಂಬಬೇಕು. ಇದಕ್ಕೆ ಬೇರೆಯೇ ಯಂತ್ರಗಳು ಬೇಕಾಗುತ್ತವೆ, ಲಾಭವೂ ತೆಳು. ಎರಡು ವರ್ಷದಲ್ಲಿ ಇಳಿಯಬಹುದಾದ ಬೇಡಿಕೆಗಾಗಿ ಹೊಸ ಕಾರ್ಖಾನೆ ಕಟ್ಟಲು ಯಾರೂ ಮುಂದಾಗುವುದಿಲ್ಲ. ಇದರ ಜೊತೆಗೆ 2020ರಲ್ಲಿ ರೆಮಿಂಗ್ಟನ್ ಕಂಪನಿ ದಿವಾಳಿಯಾಗಿ ಅದರ ಕಾಡತೂಸು ಕಾರ್ಖಾನೆ ಕೈ ಬದಲಾಯಿತು.

4. ಕಚ್ಚಾ ವಸ್ತು
ಹೊಗೆರಹಿತ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅರಳೆ ತೆಗೆದ ಮೇಲೆ ಹತ್ತಿಬೀಜಕ್ಕೆ ಅಂಟಿ ಉಳಿಯುವ ಕಿರುನಾರು ಅಥವಾ ಮರದ ತಿರುಳನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಇದನ್ನು ಪಡೆಯುತ್ತಾರೆ. ನೈಟ್ರಿಕ್ ಆಮ್ಲಕ್ಕೆ ಅಮೋನಿಯಾ ಬೇಕು. ಯೂರಿಯಾಕ್ಕೂ ಅದೇ ಮೂಲ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ನಂತರ ಸೇನೆಗಳ ಬೇಡಿಕೆ ಏರಿ, ನಾಗರಿಕ ಮಾರುಕಟ್ಟೆಗೆ ಮದ್ದು ಸಾಲದಾಯಿತು.

ವದಂತಿಗಳು
ಸರ್ಕಾರವೇ ಕಾಡತೂಸುಗಳನ್ನು ಕೊಂಡು ಬಚ್ಚಿಟ್ಟಿದೆ ಎಂಬ ಸುದ್ದಿ 2013ರಲ್ಲಿ ಹಬ್ಬಿತು. ವಾಸ್ತವವಾಗಿ, ದೂರಿಗೆ ಗುರಿಯಾದ ಇಲಾಖೆಯ ಖರೀದಿ ದೇಶದ ಉತ್ಪಾದನೆಯ ಶೇಕಡಾ 1ಕ್ಕಿಂತ ಕಡಿಮೆಯಿತ್ತು. ಮಿಸೌರಿ ರಾಜ್ಯದಲ್ಲಿ ಅದಿರಿನಿಂದ ಸೀಸ ಕರಗಿಸುವ ಕೊನೆಯ ಕುಲುಮೆ 2013ರ ಕೊನೆಗೆ ಮುಚ್ಚಿದುದೂ ಕಾರಣವಲ್ಲ. ಗುಂಡಿಗೆ ಹೆಚ್ಚಾಗಿ ಬಳಸುವುದು ಹಳೆಯ ಬ್ಯಾಟರಿ ಮುಂತಾದವುಗಳಿಂದ ಮರಳಿ ಪಡೆದ ಸೀಸ.

ನಮ್ಮ ರೈತರಿಗೆ
ಭಾರತದಲ್ಲಿ ಕೋವಿಯ ಲೈಸೆನ್ಸಿನಲ್ಲೇ ಕಾಡತೂಸಿನ ಸಂಖ್ಯೆಗೆ ಮಿತಿಯಿರುವುದರಿಂದ ಇಂಥ ಮುಗಿಬೀಳುವಿಕೆಗೆ ಆಸ್ಪದ ಕಡಿಮೆ. ಆದರೆ ಗೊಬ್ಬರದ ವಿಷಯ ಹಾಗಲ್ಲ. 2025ರ ಮುಂಗಾರಿನಲ್ಲಿ ಕರ್ನಾಟಕದ ಹಲವು ಕಡೆ ರೈತರು ಯೂರಿಯಾಕ್ಕಾಗಿ ಸಾಲುಗಟ್ಟಿ ನಿಂತರು. ಪೂರೈಕೆ ನಿಜವಾಗಿಯೂ ಕಡಿಮೆಯಿದ್ದಾಗ ಭಯದ ಖರೀದಿ ಆ ಕೊರತೆಯನ್ನು ಇಮ್ಮಡಿಸುತ್ತದೆ. ಸಣ್ಣ ಹಿಡುವಳಿದಾರನಿಗೆ ಮೇಲುಗೊಬ್ಬರದ ಹದ ತಪ್ಪಿದರೆ ಇಳುವರಿಯೇ ಹೋಯಿತು. ಕೂಡಿಟ್ಟ ಯೂರಿಯಾವಾದರೂ ತೇವ ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ರೈತ ಬಾಂಧವರು ಮಣ್ಣು ಪರೀಕ್ಷೆಯ ಆಧಾರದ ಮೇಲೆ ಬೆಳೆಗೆ ಬೇಕಾದಷ್ಟನ್ನು ಲೆಕ್ಕ ಹಾಕಿ ಕೊಳ್ಳುವುದು ಲೇಸು. ವಿಸ್ತರಣಾ ಕಾರ್ಯಕರ್ತರು ದಾಸ್ತಾನಿನ ನಿಜಸ್ಥಿತಿಯನ್ನು ಹಳ್ಳಿಗಳಲ್ಲಿ ಮೊದಲೇ ತಿಳಿಸಿದರೆ ವದಂತಿಗೆ ಎಡೆಯಿರುವುದಿಲ್ಲ.