ಛಿದ್ರಮನಸ್ಕತೆಯುಳ್ಳವರ ದಿನಬಳಕೆಯ ಸಾಮರ್ಥ್ಯವನ್ನು ಅಳೆಯುವ ಬಗೆ

ಛಿದ್ರಮನಸ್ಕತೆ, ಅಂದರೆ ವೈದ್ಯರು ಸ್ಕಿಜೋಫ್ರೇನಿಯ ಎಂದು ಕರೆಯುವ ಮನೋರೋಗ, ಎಂದೊಡನೆ ನಮ್ಮ ಲಕ್ಷ್ಯವು ಇಲ್ಲದ ದನಿಗಳನ್ನು ಕೇಳುವುದು, ನಿರಾಧಾರವಾದ ಸಂಶಯ ಮೊದಲಾದ ಲಕ್ಷಣಗಳತ್ತ ಹರಿಯುತ್ತದೆ. ಔಷಧದಿಂದ ಇವು ಬಹುಮಟ್ಟಿಗೆ ತಗ್ಗಬಹುದು. ಆದರೆ ದನಿ ಅಡಗಿದ ಮಾತ್ರಕ್ಕೆ ರೋಗಿಯು ತಾನಾಗಿ ಸ್ನಾನ ಮಾಡುವನು, ಸಂತೆಗೆ ಹೋಗಿ ಚಿಲ್ಲರೆ ಎಣಿಸಿ ತರುವನು ಎನ್ನಲಾಗದು. ಉತ್ಸಾಹದ ಕುಂದು, ಗಮನ ಹಾಗೂ ಯೋಜನಾಶಕ್ತಿಗಳ ಕೊರತೆ ಹಲವರಲ್ಲಿ ಉಳಿದುಕೊಳ್ಳುತ್ತವೆ. ಆದುದರಿಂದ ರೋಗಲಕ್ಷಣದ ಅಳತೆ ಬೇರೆ, ಬಾಳುವೆಯ ಸಾಮರ್ಥ್ಯದ ಅಳತೆ ಬೇರೆ.

ಈ ಎರಡನೆಯ ಅಳತೆಗಾಗಿ ಭಾರತೀಯ ಮನೋವೈದ್ಯ ಸಂಘವು ರೂಪಿಸಿದ 'ಐಡಿಯಾಸ್' ಎಂಬ ಮಾಪಕಕ್ಕೆ 2002ರಲ್ಲಿ ಕೇಂದ್ರ ಸರ್ಕಾರದ ಮನ್ನಣೆ ದೊರೆಯಿತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಲ್ಲಿ ತಲಾ 0ಯಿಂದ 4ರವರೆಗೆ ಅಂಕವನ್ನು ಕೊಡಲಾಗುತ್ತದೆ. ಅಂಕ ಏರಿದಷ್ಟೂ ತೊಡಕು ಹೆಚ್ಚು. ರೋಗದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಹಲವು ಸೌಲಭ್ಯಗಳಿಗೆ ಶೇಕಡ 40ರಷ್ಟು ವಿಕಲತೆಯೇ ಗಡಿಯಾಗಿದೆ. ಅಳತೆಯಲ್ಲಿ ಒಂದೆರಡು ಅಂಕ ತಪ್ಪಿದರೆ ಒಂದು ಸಂಸಾರದ ಆಸರೆಯೇ ತಪ್ಪೀತು.

ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ನೋಡೋಣ. "ಏನು ಕೆಲಸ ಮಾಡುತ್ತೀರಿ?" ಎಂಬ ಪ್ರಶ್ನೆಗೆ ರೇಷ್ಮೆ ಬೆಳೆಗಾರರ ಮನೆಯ ರೋಗಿಯು "ಏನೂ ಇಲ್ಲ" ಎನ್ನಬಹುದು, ಸಂಬಳವಿಲ್ಲದ್ದು ಕೆಲಸವಲ್ಲವೆಂದು ಅವನ ಎಣಿಕೆ. ಹುಳುಮನೆಯಲ್ಲಿ ವಿಚಾರಿಸಿದರೆ ಅವನು ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ತರುತ್ತಾನೆಂದು ತಿಳಿದೀತು. ಆದರೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವನೇ? ಹುಳು ಜ್ವರಕ್ಕೆ ಕುಳಿತಾಗ ಸೊಪ್ಪನ್ನು ನಿಲ್ಲಿಸುವನೇ? ಹಣ್ಣಾದ ಹುಳುವನ್ನು ಗುರುತಿಸಿ ಚಂದ್ರಿಕೆಗೆ ಬಿಡುವನೇ? ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದು ಹಣ ತರಬಲ್ಲನೇ? ಒಂದೇ ಕಸುಬಿನೊಳಗೆ ದೇಹಶ್ರಮ, ಕಾಲಜ್ಞಾನ, ವಿವೇಚನೆ, ವ್ಯವಹಾರಗಳೆಂಬ ಮೆಟ್ಟಿಲುಗಳಿವೆ. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿಯೂ ಹಾಗೆಯೇ: ಮರ ಕಡೆಯುವುದು ಬೇರೆ, ಅರಗಿನ ಬಣ್ಣ ಹಿಡಿಸುವುದು ಬೇರೆ, ಎಣಿಸಿ ಕಟ್ಟಿಡುವುದು ಬೇರೆ.

ಮತ್ತೊಂದು ತೊಡಕು ಮಮತೆಯಿಂದ ಬರುವುದು. ತಾಯಿಯು ನೀರು ಕಾಯಿಸಿ, ಬಟ್ಟೆ ತೆಗೆದಿಟ್ಟು, ಮುದ್ದೆಯನ್ನು ತಟ್ಟೆಗಿಟ್ಟು ಕರೆಯುವ ಮನೆಯಲ್ಲಿ ಮಗನು ಶುಭ್ರನಾಗಿಯೇ ಕಾಣುವನು. ಆಕೆಯಿಲ್ಲದ ದಿನ ಅವನ ಗತಿಯೇನೆಂದು ಹೊರನೋಟಕ್ಕೆ ತಿಳಿಯದು. ಇದಕ್ಕೆ ವ್ಯತಿರಿಕ್ತವಾಗಿ, ಬಲ್ಲ ಹೆಂಗಸನ್ನು ರೋಗದ ಭಯದಿಂದ ಒಲೆಯ ಬಳಿಗೇ ಬಿಡದಿದ್ದರೆ "ಅಡುಗೆ ಬಾರದು" ಎಂದು ಬರೆದುಕೊಳ್ಳುವುದು ಅನ್ಯಾಯ.

ಆದಕಾರಣ ಪ್ರತಿಯೊಂದು ಕೆಲಸಕ್ಕೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನಾವು ಭಾವಿಸುತ್ತೇವೆ: ಬಲ್ಲರೇ? ಹೇಳದೆಯೇ ಮಾಡುವರೇ? ಮಾಡಲು ಅವಕಾಶವಿದೆಯೇ? ಬಾರದಿದ್ದರೆ ಕಲಿಸಬೇಕು; ಬಂದರೂ ಮಾಡದಿದ್ದರೆ ಹುರಿದುಂಬಿಸಬೇಕು; ಅವಕಾಶವಿಲ್ಲದಿದ್ದರೆ ಮನೆಯವರೊಡನೆ ಮಾತನಾಡಬೇಕು. ರೋಗಿಯ ಮಾತು, ಮನೆಯವರ ಮಾತು, ನಮ್ಮ ಕಣ್ಣು ಮೂರನ್ನೂ ಹೋಲಿಸಿದ ಮೇಲೆಯೇ ಅಂಕವನ್ನು ಬರೆಯತಕ್ಕದ್ದು. ಅಂಕವು ವ್ಯಕ್ತಿಯ ಬೆಲೆಯಲ್ಲ. ಆತನಿಗೆ ಎಷ್ಟು ನೆರವು, ಎಲ್ಲಿ ಬೇಕೆಂಬುದರ ಗುರುತು ಮಾತ್ರ.