ಉಪ್ಪುನೀರಿನ ಅಕ್ವೇರಿಯಂ: ಶೋಧನೆ ಮತ್ತು ಹರಿವಿನ ಸುತ್ತಲಿನ ತಪ್ಪು ಕಲ್ಪನೆಗಳು

ಉಪ್ಪುನೀರಿನ ಅಕ್ವೇರಿಯಂನಲ್ಲಿ ನೀರು ಶುದ್ಧವಾಗಿರುವುದು ಫಿಲ್ಟರ್ ಯಂತ್ರದಿಂದ ಎಂಬುದು ಸಾಮಾನ್ಯ ನಂಬಿಕೆ. ಆದರೆ ಯಂತ್ರ ಮುಖ್ಯವಾಗಿ ಕಣ್ಣಿಗೆ ಕಾಣುವ ಕಸವನ್ನು ಹಿಡಿಯುತ್ತದೆ. ಮೀನಿನ ವಿಸರ್ಜನೆಯಿಂದ, ಉಳಿದು ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವುದು ಸೂಕ್ಷ್ಮಜೀವಿಗಳು.

ಹಳೆಯ ತೊಟ್ಟಿಯ ನೀರು ಸುರಿದರೆ ಹೊಸ ತೊಟ್ಟಿ ಸಿದ್ಧ ಎಂದು ಹಲವರು ಹೇಳುವುದುಂಟು. ಆದರೆ ಈ ಜೀವಿಗಳಲ್ಲಿ ಹೆಚ್ಚಿನವು ನೀರಿನಲ್ಲಿ ತೇಲುವುದಿಲ್ಲ. ಕಲ್ಲು, ಮರಳು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ಹಳೆಯ ತೊಟ್ಟಿಯ ಒಂದು ತೂತುತೂತಾದ ಕಲ್ಲು ಬಕೆಟ್‌ಗಟ್ಟಲೆ ನೀರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಡಲಿನಿಂದಲೇ ಹವಳದ ಕಲ್ಲು ತರಬೇಕೆಂಬುದೂ ಸುಳ್ಳು. ಭಾರತದಲ್ಲಿ ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಒಣ ಕಲ್ಲಿನಲ್ಲೂ ಜೀವಿಗಳು ನೆಲೆಯೂರುತ್ತವೆ. ಸಾಮಾನ್ಯವಾಗಿ 4ರಿಂದ 6 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ತಿಳಿನೀರನ್ನು ಕಂಡು ಮೀನು ಬಿಡಲು ಅವಸರಪಡಬಾರದು. ಅಮೋನಿಯಾಕ್ಕೆ ಬಣ್ಣವಿಲ್ಲ, ಅದನ್ನು ತೋರಿಸುವುದು ಪರೀಕ್ಷಾ ಕಿಟ್ ಮಾತ್ರ. ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿದರೆ ಅದರಲ್ಲಿ ಬೆಳೆದ ಜೀವಿಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಬೇಕು.

ಪ್ರೋಟೀನ್ ಸ್ಕಿಮ್ಮರ್ ಇದ್ದರೆ ನೀರು ಬದಲಿಸಬೇಕಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಅದರೊಳಗಿನ ಸಣ್ಣ ಗಾಳಿಗುಳ್ಳೆಗಳಿಗೆ ಕರಗಿದ ಸಾವಯವ ಕೊಳೆ ಅಂಟಿಕೊಂಡು ಮೇಲೇರಿ, ಕಂದು ಬಣ್ಣದ ನಾರುವ ನೊರೆಯಾಗಿ ಬಟ್ಟಲಿಗೆ ಬೀಳುತ್ತದೆ. ಕೊಳೆಯುವ ಮೊದಲೇ ಕಸ ಹೊರಹೋಗುವುದು ದೊಡ್ಡ ಲಾಭವೇ. ಆದರೆ ಆಗಲೇ ಉಂಟಾಗಿರುವ ನೈಟ್ರೇಟನ್ನು ಸ್ಕಿಮ್ಮರ್ ತೆಗೆಯಲಾರದು, ಅದಕ್ಕೆ ನೀರು ಬದಲಿಸಬೇಕು.

ಹೆಚ್ಚು ಎಡವುವುದು ಹರಿವಿನ ವಿಷಯದಲ್ಲಿ. ಪಂಪು ಜೋರಾಗಿದ್ದರೆ ಸಾಕು ಎಂದುಕೊಂಡು ಒಂದೇ ಕಡೆಯಿಂದ ನೀರು ಚಿಮ್ಮಿಸಿದರೆ, ಎದುರಿನ ಹವಳದ ಮಾಂಸ ಸುಲಿದುಹೋಗುತ್ತದೆ, ಕಲ್ಲಿನ ಹಿಂಬದಿಯಲ್ಲಿ ಕಸ ಕೂರುತ್ತದೆ. ಕೂತಲ್ಲೇ ಬದುಕುವ ಹವಳಕ್ಕೆ ಆಹಾರ ಮತ್ತು ಆಮ್ಲಜನಕ ತಂದುಕೊಟ್ಟು, ಅದರ ಕಲ್ಮಶ ಕೊಂಡೊಯ್ಯುವುದು ದಿಕ್ಕು ಬದಲಿಸುತ್ತಿರುವ ಹರಿವು. 200 ಲೀಟರಿನ ಹವಳದ ತೊಟ್ಟಿಯಲ್ಲಿ ಗಂಟೆಗೆ ಸುಮಾರು 4,000 ಲೀಟರ್ ಅಥವಾ ಅದಕ್ಕೂ ಹೆಚ್ಚು ನೀರು ಚಲಿಸುವಂತೆ, ಎರಡು ಪಂಪುಗಳ ಧಾರೆ ನಡುವೆ ಡಿಕ್ಕಿ ಹೊಡೆಯುವಂತೆ ಇಡುವುದು ರೂಢಿ. ಇಷ್ಟು ನೀರನ್ನೂ ಸಂಪ್, ಅಂದರೆ ಶೋಧನೆಗೆಂದು ಕೆಳಗಿಡುವ ಇನ್ನೊಂದು ತೊಟ್ಟಿಯ ಮೂಲಕ ಹಾಯಿಸಬೇಕಿಲ್ಲ. ಅಲ್ಲಿಗೆ ಗಂಟೆಗೆ ತೊಟ್ಟಿಯ 3ರಿಂದ 5 ಪಟ್ಟು ಹೋದರೆ ಸಾಕು. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕಡಿಮೆ ಆಮ್ಲಜನಕ ಕರಗುವುದರಿಂದ ಮೇಲ್ಮೈ ಸದಾ ಅಲೆಯಾಡುತ್ತಿರಬೇಕು.

ಪೈಪಿಗೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಹಾಕಿದರೆ ಕರೆಂಟು ಹೋದಾಗ ಭಯವಿಲ್ಲ ಎಂಬುದು ಕೊನೆಯ ತಪ್ಪು. ಪಂಪು ನಿಂತೊಡನೆ ಮೇಲಿನ ನೀರು ಸಂಪ್‌ಗೆ ಇಳಿಯುತ್ತದೆ. ಕಸ ಸಿಕ್ಕಿಕೊಂಡ ವಾಲ್ವ್ ಅದನ್ನು ತಡೆಯದು. ನೀರು ಒಳಬರುವ ಪೈಪಿನಲ್ಲಿ, ನೀರಿನ ಮಟ್ಟಕ್ಕೆ ಹತ್ತಿರ ಒಂದು ಸಣ್ಣ ತೂತಿದ್ದರೆ ಗಾಳಿ ಸೇರಿ ಹಿಮ್ಮುಖ ಹರಿವು ನಿಲ್ಲುತ್ತದೆ. ಇಳಿದ ನೀರಿಗೆ ಸಂಪ್‌ನಲ್ಲಿ ಜಾಗವೂ ಉಳಿದಿರಬೇಕು. ಮೀನು ಬಿಡುವ ಮೊದಲೇ ಸ್ವಿಚ್ ಆರಿಸಿ ಇದನ್ನು ಪರೀಕ್ಷಿಸಬೇಕು.